ಕನ್ನಡ ಬರಹಕ್ಕೆ ಮಾರ್ಕ್‌ಡೌನ್: ಕಲಬುರಗಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ಊರಿನ ಚರಿತ್ರೆ ಬರೆದ ಒಂದು ಪುಟದಲ್ಲಿ ಹೀಗಿತ್ತು: 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಸೇರಿತು, 1949ರಲ್ಲಿ ಕನ್ನಡ ನಾಡು ಒಂದಾಯಿತು, 1950ರಲ್ಲಿ ಗುಲ್ಬರ್ಗ ಕಲಬುರಗಿಯಾಯಿತು. ಮೊದಲನೆಯದು ಸರಿ. ಉಳಿದೆರಡೂ ತಪ್ಪು. ಏಕೀಕರಣ ಆದದ್ದು 1956ರಲ್ಲಿ, ಊರಿನ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಬರೆದವರು ಆಳಂದ ಕಡೆಯ ನಿವೃತ್ತ ಮಾಸ್ತರರು, ಜೀವನವಿಡೀ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವರು. ಪ್ರಿಂಟ್ ಹಿಡಿದುಕೊಂಡು ಬಂದು ನನ್ನ ಮುಂದೆ ಕೂತರು. "ತಮ್ಮಾ, ನಾ ಬರದದ್ದು ಹಿಂಗಲ್ಲ. ವರ್ಷ ಯಾರು ಬದಲ ಮಾಡ್ಯಾರ ನೋಡು" ಅಂದರು.

ಯಾರೂ ಮಾಡಿರಲಿಲ್ಲ. ನಾನೇ ಕಲಿಸಿದ್ದ ಮಾರ್ಕ್‌ಡೌನಿನಲ್ಲಿ, ಅಂದರೆ ಬರಹದೊಳಗೇ ಚಿಹ್ನೆ ಹಾಕಿ ರೂಪ ಕೊಡುವ ವಿಧಾನದಲ್ಲಿ, ಅವರು ಬರೆದಿದ್ದರು, ಸಾಲಿನ ಮೊದಲಿಗೆ ಇಸವಿ ಹಾಕಿ ಚುಕ್ಕಿ ಇಟ್ಟಿದ್ದರು. ಉಳಿದದ್ದನ್ನು ತಂತ್ರಾಂಶ ಮಾಡಿತು. ಏಕೆ ಹಾಗೆ ಮಾಡಿತು ಎಂಬುದನ್ನು ಪಟ್ಟಿಗಳ ಭಾಗದಲ್ಲಿ ವಿವರಿಸುತ್ತೇನೆ. ಆ ದಿನ ನನಗೆ ತಿಳಿದದ್ದು ಇಷ್ಟು: ಇಂಗ್ಲಿಷಿನವರಿಗಾಗಿ ಮಾಡಿದ ಮಾರ್ಕ್‌ಡೌನ್ ಪಾಠವನ್ನು ಹಾಗೆಯೇ ಕನ್ನಡದಲ್ಲಿ ಹೇಳಿದರೆ ಸಾಲದು. ನಮ್ಮ ವಿಭಕ್ತಿ ಪ್ರತ್ಯಯ, ಒತ್ತಕ್ಷರ, ಕನ್ನಡ ಅಂಕಿ ಇವೆಲ್ಲ ಸೇರಿದಾಗ ಏನಾಗುತ್ತದೆ ಎಂಬುದು ಆ ಪಾಠಗಳಲ್ಲಿ ಇರುವುದಿಲ್ಲ. ಅದನ್ನೇ ಇಲ್ಲಿ ಹೆಚ್ಚು ಹೇಳುತ್ತೇನೆ.

ಉದಾಹರಣೆಗೆ ಒಂದೇ ಬರಹ ಇಟ್ಟುಕೊಳ್ಳೋಣ. ನಮ್ಮ ಕಲಬುರಗಿ, ಬೀದರ್ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ನಡೆಯುವ ಎಳ್ಳ ಅಮಾವಾಸ್ಯೆ.

## ಮಾರ್ಕ್‌ಡೌನ್ ಅಂದರೆ

ವರ್ಡ್‌ನಲ್ಲಿ ಒಂದು ಪದ ದಪ್ಪ ಮಾಡಬೇಕಾದರೆ ಮೌಸ್‌ನಿಂದ ಆರಿಸಿ ಬಟನ್ ಒತ್ತುತ್ತೇವೆ. ಆ 'ದಪ್ಪ' ಎಂಬ ಮಾಹಿತಿ ಫೈಲಿನ ಒಳಗೆ ಎಲ್ಲೋ ಅಡಗಿರುತ್ತದೆ. ಮಾರ್ಕ್‌ಡೌನಿನಲ್ಲಿ ಅಡಗುವುದು ಏನೂ ಇಲ್ಲ. ಪದದ ಆಚೆ ಈಚೆ ಎರಡೆರಡು ನಕ್ಷತ್ರ (*) ಇಟ್ಟರೆ ಅದು ದಪ್ಪ, ಸಾಲಿನ ಮುಂದೆ ಹ್ಯಾಶ್ (#) ಇಟ್ಟರೆ ಅದು ತಲೆಬರಹ. ಗುರುತುಗಳು ಕಣ್ಣಿಗೆ ಕಾಣುತ್ತವೆ, ಫೈಲು ಬರೀ ಅಕ್ಷರಗಳದ್ದು. ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ, ಫೋನಿನಲ್ಲೂ ತೆರೆಯುತ್ತದೆ.

ಇದನ್ನು 2004ರಲ್ಲಿ ಜಾನ್ ಗ್ರೂಬರ್ ರೂಪಿಸಿದರು, ಆರನ್ ಸ್ವಾರ್ಟ್ಜ್ ಜೊತೆಗೂಡಿದ್ದರು. ಗುರುತು ತೆಗೆಯದೆ ಹಾಗೆಯೇ ಓದಿದರೂ ಬರಹ ಓದುವಂತಿರಬೇಕು ಎಂಬುದು ಅವರ ಉದ್ದೇಶ. ಆಮೇಲೆ ಬೇರೆ ಬೇರೆಯವರು ತಮಗೆ ಬೇಕಾದಂತೆ ಸೇರಿಸಿಕೊಂಡರು. ಕಲಬುರಗಿಯವರ ಮಾತು, ಧಾರವಾಡದವರ ಮಾತು, ಮಂಗಳೂರಿನವರ ಮಾತು ಮೂರೂ ಕನ್ನಡವೇ, ಆದರೂ ಸ್ವಲ್ಪ ಸ್ವಲ್ಪ ಬೇರೆ. ಮಾರ್ಕ್‌ಡೌನಿನದೂ ಅದೇ ಸ್ಥಿತಿ. ಈ ಗೊಂದಲ ಕಡಿಮೆ ಮಾಡಲು 2014ರಲ್ಲಿ ಕಾಮನ್‌ಮಾರ್ಕ್ ಎಂಬ ಕಟ್ಟುನಿಟ್ಟಿನ ನಿಯಮಾವಳಿ ಬಂತು. ಕೆಳಗೆ ನಾನು ಹೇಳುವುದು ಹೆಚ್ಚಾಗಿ ಅದರ ಪ್ರಕಾರ. ಬೇರೆಯಾಗುವಲ್ಲಿ ಬೇರೆ ಎಂದೇ ಹೇಳುತ್ತೇನೆ.

## ಬರೆಯುವ ಮೊದಲು: ಯುನಿಕೋಡ್, ಕೀಲಿಮಣೆ, ಫೈಲಿನ ಹೆಸರು

ಮೊದಲ ಷರತ್ತು ಯುನಿಕೋಡ್, ಅಂದರೆ ಕನ್ನಡದ ಅಕ್ಷರ, ಗುಣಿತ ಚಿಹ್ನೆಗಳಿಗೆ ಅವುಗಳದ್ದೇ ಸಂಕೇತ ಇರುವ ಪದ್ಧತಿ. ನಮ್ಮ ಭಾಗದ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಹಳೆಯ ಫಾಂಟ್‌ಗಳಲ್ಲಿ ಟೈಪಾದ ಫೈಲುಗಳು ಇನ್ನೂ ರಾಶಿ ಇವೆ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಆದರೆ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಪರೀಕ್ಷೆ ಸುಲಭ: ಪಠ್ಯವನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಯುನಿಕೋಡ್. ಅರ್ಥವಿಲ್ಲದ ಇಂಗ್ಲಿಷ್ ಬಂದರೆ ಹಳೆಯದು, ಮೊದಲು ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಬೇಕು. ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. 'ಧರ್ಮ', 'ವರ್ಷ', 'ಕರ್ನಾಟಕ' ಇಂಥವು ಅಲ್ಲಿ ಕೆಡುವುದು ನಾನು ಬಹಳ ಸಲ ಕಂಡದ್ದು. ಈ ಹಳೆಯ ಫೈಲುಗಳಲ್ಲೇ ನಕ್ಷತ್ರ, ಹ್ಯಾಶ್ ಹಾಕಲು ಹೋಗಬೇಡಿ. ಅಲ್ಲಿ ಆ ಚಿಹ್ನೆಗಳು ಯಾವುದೋ ಅಕ್ಷರದ ಭಾಗವಾಗಿರಬಹುದು.

ಎರಡನೆಯದು ಕೀಲಿಮಣೆ. ವಿಂಡೋಸ್ ಜೊತೆಗೇ ಬರುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು 3 ಒತ್ತಿದರೆ ಹ್ಯಾಶ್ ಬರುವುದಿಲ್ಲ, ರಕಾರದ ಒತ್ತು ಬರುತ್ತದೆ. ಶಿಫ್ಟ್ ಹಿಡಿದು 8 ಒತ್ತಿದರೆ ನಕ್ಷತ್ರದ ಬದಲು 'ಶ್ರ' ಬರುತ್ತದೆ. ಹೊಸಬರು ಇಲ್ಲಿಯೇ ಸೋತು ಕೈ ಬಿಡುತ್ತಾರೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಇಂಗ್ಲಿಷಿಗೆ ಬದಲಾಗುತ್ತದೆ. ಗುರುತು ಹಾಕಿ, ಮತ್ತೆ ಅದೇ ರೀತಿ ಕನ್ನಡಕ್ಕೆ ಬನ್ನಿ. ನಾನು ಕೊಡುವ ಸಲಹೆ ಬೇರೆ: ಮೊದಲು ಇಡೀ ಬರಹವನ್ನು ಗುರುತಿಲ್ಲದೆ ಕನ್ನಡದಲ್ಲಿ ಟೈಪ್ ಮಾಡಿ ಮುಗಿಸಿ. ಆಮೇಲೆ ಇಂಗ್ಲಿಷಿಗೆ ಬದಲಿಸಿಕೊಂಡು, ಒಂದೇ ಸಲಕ್ಕೆ ಕೂತು ಮೇಲಿಂದ ಕೆಳಗೆ ಗುರುತು ಹಾಕುತ್ತಾ ಹೋಗಿ. ಗುರುತು ಹಾಕುವಾಗ ಬರಹವನ್ನು ಇನ್ನೊಮ್ಮೆ ಓದಿದಂತೆಯೂ ಆಗುತ್ತದೆ.

ಬರೆಯಲು ವಿಎಸ್ ಕೋಡ್ ಎಂಬ ತಂತ್ರಾಂಶ ಒಳ್ಳೆಯದು, ಉಚಿತ. ಕಂಟ್ರೋಲ್, ಶಿಫ್ಟ್ ಎರಡೂ ಹಿಡಿದು ವಿ ಒತ್ತಿದರೆ ಬರಹ ಕೊನೆಗೆ ಹೇಗೆ ಕಾಣುತ್ತದೆ ಎಂಬುದು ತೆರೆದುಕೊಳ್ಳುತ್ತದೆ. ಫೈಲಿನ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಇಂಗ್ಲಿಷಿನ ಚಿಕ್ಕ ಎಂ, ಡಿ ಅಕ್ಷರ ಇರಬೇಕು. ನೋಟ್‌ಪ್ಯಾಡಿನಲ್ಲಿ ಸೇವ್ ಮಾಡುವವರು ಕೆಳಗಿನ ಪೆಟ್ಟಿಗೆಯಲ್ಲಿ 'ಎಲ್ಲಾ ಫೈಲುಗಳು' ಎಂದು ಆರಿಸಿಕೊಳ್ಳಿ, ಇಲ್ಲವಾದರೆ ಅದು ಬಾಲಕ್ಕೆ ಇನ್ನೊಂದು ಬಾಲ ಅಂಟಿಸಿಬಿಡುತ್ತದೆ. ಎನ್‌ಕೋಡಿಂಗ್ ಯುಟಿಎಫ್-8 ಇರಲಿ.

## ತಲೆಬರಹ ಮತ್ತು ಪ್ಯಾರಾ

```
# ಎಳ್ಳ ಅಮಾವಾಸ್ಯೆ

## ಹೊಲದ ಪೂಜೆ

ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಮನೆಮಂದಿ ಎಲ್ಲ ಹೊಲಕ್ಕೆ ಹೋಗುತ್ತಾರೆ.

## ಭಜ್ಜಿಯ ಸಾಮಾನು
```

ಒಂದು ಹ್ಯಾಶ್ ಬರಹದ ಹೆಸರಿಗೆ, ಎರಡು ಅಧ್ಯಾಯಕ್ಕೆ, ಮೂರು ಅದರೊಳಗಿನ ಭಾಗಕ್ಕೆ. ಆರರ ತನಕ ಹೋಗಬಹುದು, ಆದರೆ ಮೂರು ದಾಟಿದ ಬರಹ ನನ್ನ ಅನುಭವದಲ್ಲಿ ಓದುಗರಿಗೆ ಭಾರ. ಹ್ಯಾಶ್ ಆದ ಮೇಲೆ ಒಂದು ಸ್ಪೇಸ್ ಬಿಡಲೇಬೇಕು, ಬಿಡದಿದ್ದರೆ ಕಾಮನ್‌ಮಾರ್ಕ್ ಅದನ್ನು ತಲೆಬರಹ ಎಂದು ಒಪ್ಪುವುದಿಲ್ಲ. ತಲೆಬರಹದ ಮುಂದೆಯೂ ಹಿಂದೆಯೂ ಒಂದೊಂದು ಖಾಲಿ ಸಾಲು ಬಿಡುವುದು ರೂಢಿಯಾಗಲಿ.

ತಲೆಬರಹ ದೊಡ್ಡದಾಗಿ ಕಾಣಲಿ ಎಂದು ಹ್ಯಾಶ್ ಹಾಕಬೇಡಿ. ಅದು ಬರಹದ ಅಂಗ ಎಂಬ ಕಾರಣಕ್ಕೆ ಹಾಕಿ. ಹಾಗೆ ಹಾಕಿದ್ದರೆ ಮುಂದೆ ಪರಿವಿಡಿ ತಾನಾಗಿಯೇ ತಯಾರಾಗುತ್ತದೆ, ಪುಟ ಸಂಖ್ಯೆ ಕೈಯಿಂದ ಬರೆಯುವ ಕೆಲಸ ತಪ್ಪುತ್ತದೆ.

ಪ್ಯಾರಾ ಬದಲಿಸಲು ಒಂದು ಖಾಲಿ ಸಾಲು. ಒಂದೇ ಸಲ ಎಂಟರ್ ಒತ್ತಿದರೆ ಪ್ಯಾರಾ ಬದಲಾಗುವುದಿಲ್ಲ, ಎರಡೂ ಸಾಲು ಕೂಡಿ ಒಂದಾಗುತ್ತವೆ. ಗದ್ಯಕ್ಕೆ ಇದರಿಂದ ತೊಂದರೆ ಇಲ್ಲ. ತೊಂದರೆ ಬರುವುದು ಪದ್ಯಕ್ಕೆ, ವಚನಕ್ಕೆ, ಹಂತಿ ಪದಕ್ಕೆ, ಆಮಂತ್ರಣ ಪತ್ರಕ್ಕೆ. ಬಸವಕಲ್ಯಾಣದ ಸೀಮೆಯಲ್ಲಿ ಕೂತು ವಚನ ಟೈಪ್ ಮಾಡದವರು ಯಾರು? ಸಾಲು ಸಾಲಾಗಿ ಬರೆದದ್ದೆಲ್ಲ ಒಂದೇ ಉದ್ದ ವಾಕ್ಯವಾಗಿ ಬಂದಾಗ ಮನಸ್ಸಿಗೆ ನೋವಾಗುತ್ತದೆ. ಪರಿಹಾರ, ಸಾಲಿನ ತುದಿಗೆ ಒಂದು ಬ್ಯಾಕ್‌ಸ್ಲ್ಯಾಶ್:

```
ಎಳ್ಳ ಅಮಾವಾಸ್ಯೆಯ ಊಟಕ್ಕೆ\
ನಮ್ಮ ಹೊಲಕ್ಕೆ ಬರ್ರಿ,\
ಬುತ್ತಿ ನಾವೇ ತರ್ತೀವಿ.
```

ಸಾಲಿನ ತುದಿಗೆ ಎರಡು ಸ್ಪೇಸ್ ಬಿಟ್ಟರೂ ಇದೇ ಕೆಲಸ ಆಗುತ್ತದೆ. ಆದರೆ ಸ್ಪೇಸ್ ಕಣ್ಣಿಗೆ ಕಾಣುವುದಿಲ್ಲ, ಯಾರೋ ತಿದ್ದುವಾಗ ಅಳಿಸಿದರೆ ಗೊತ್ತೂ ಆಗುವುದಿಲ್ಲ. ನಾನು ಬ್ಯಾಕ್‌ಸ್ಲ್ಯಾಶನ್ನೇ ಬಳಸುತ್ತೇನೆ.

## ದಪ್ಪ ಅಕ್ಷರ: ಇಲ್ಲಿ ನಿಧಾನವಾಗಿ ಓದಿ

ವಾಟ್ಸ್ಆ್ಯಪ್‌ನಲ್ಲಿ ಒಂದೊಂದು ನಕ್ಷತ್ರ ಹಾಕಿದರೆ ಅಕ್ಷರ ದಪ್ಪವಾಗುತ್ತದೆ. ಮಾರ್ಕ್‌ಡೌನಿನಲ್ಲಿ ಒಂದು ನಕ್ಷತ್ರಕ್ಕೆ ಓರೆ ಅಕ್ಷರ, ಎರಡಕ್ಕೆ ದಪ್ಪ. ಕನ್ನಡಕ್ಕೆ ಓರೆ ಅಕ್ಷರ ಬೇಡವೆಂದೇ ನನ್ನ ಮಾತು. ನಮ್ಮ ಹೆಚ್ಚಿನ ಫಾಂಟ್‌ಗಳಲ್ಲಿ ಓರೆಯ ರೂಪವನ್ನು ಬಿಡಿಸಿಯೇ ಇಲ್ಲ, ತಂತ್ರಾಂಶ ನೆಟ್ಟಗಿನ ಅಕ್ಷರವನ್ನೇ ಬಾಗಿಸುತ್ತದೆ. ದುಂಡಾದ ಕನ್ನಡ ಅಕ್ಷರ ಬಾಗಿದರೆ ಓದಲು ಕಷ್ಟ.

ಈಗ ಮುಖ್ಯ ವಿಷಯ. ಇಂಗ್ಲಿಷಿನಲ್ಲಿ ಪದ ಮುಗಿದ ಮೇಲೆ ಜಾಗ ಬರುತ್ತದೆ. ನಮ್ಮಲ್ಲಿ ಪದಕ್ಕೆ ಪ್ರತ್ಯಯ ಅಂಟಿಕೊಂಡೇ ಬರುತ್ತದೆ: ಹೊಲ, ಹೊಲಕ್ಕೆ, ಹೊಲದಲ್ಲಿ. 'ಹೊಲ' ಅಷ್ಟನ್ನೇ ದಪ್ಪ ಮಾಡಿ ಪ್ರತ್ಯಯ ಹೊರಗೆ ಬಿಡಬೇಕು ಅನ್ನಿಸಿದಾಗ ನಾಲ್ಕು ಬಗೆಯ ಪರಿಣಾಮ ಆಗುತ್ತದೆ.

```
**ಹೊಲ**ಕ್ಕೆ ಹೋದರು.
__ಹೊಲ__ಕ್ಕೆ ಹೋದರು.
**ಬೀದರ**ಿನ ಕೋಟೆ.
**"ಚರಗ"**ವನ್ನು ಚೆಲ್ಲಿದರು.
```

ಮೊದಲನೆಯದು ಸರಿಯಾಗಿ ಬರುತ್ತದೆ. ಎರಡನೆಯದು ಬರುವುದಿಲ್ಲ: ದಪ್ಪ ಮಾಡಲು ಅಂಡರ್‌ಸ್ಕೋರ್ ಕೂಡ ನಡೆಯುತ್ತದೆ ಎಂದು ಪಾಠಗಳಲ್ಲಿ ಇರುತ್ತದೆ, ಆದರೆ ಪದದ ನಡುವೆ ಬಂದ ಅಂಡರ್‌ಸ್ಕೋರನ್ನು ಗುರುತು ಎಂದು ಎಣಿಸಬಾರದು ಎಂಬುದು ನಿಯಮ. ಪ್ರತ್ಯಯ ಹಚ್ಚುವ ಭಾಷೆಗೆ ಅಂಡರ್‌ಸ್ಕೋರ್ ಆಗಿಬರುವುದಿಲ್ಲ, ಮರೆತೇಬಿಡಿ.

ಮೂರನೆಯದರಲ್ಲಿ ನಕ್ಷತ್ರ ಒಂದು ಅಕ್ಷರವನ್ನೇ ಸೀಳಿದೆ. 'ರಿ' ಎಂಬುದು ನಮಗೆ ಒಂದು ಅಕ್ಷರ, ಯುನಿಕೋಡಿನಲ್ಲಿ ಅದು 'ರ' ಮತ್ತು ಗುಡಿಸು ಎರಡು ಸಂಕೇತ. ನಡುವೆ ನಕ್ಷತ್ರ ಸಿಕ್ಕಿಸಿದರೆ ಗುಡಿಸಿಗೆ ಕೂರಲು ಅಕ್ಷರ ಇಲ್ಲದಂತಾಗಿ, ಚುಕ್ಕಿಯ ಉಂಗುರದ ಮೇಲೆ ತೂಗಾಡುತ್ತದೆ. ಪುಸ್ತಕಗಳಲ್ಲಿ, ಫಲಕಗಳಲ್ಲಿ ಆ ಚುಕ್ಕಿಯ ಉಂಗುರ ಕಂಡರೆ ಬಹಳ ಸಲ ಇಂಥ ಸೀಳೇ ಕಾರಣ. ಒತ್ತಕ್ಷರಕ್ಕೂ ಇದೇ ಗತಿ. 'ಬಸ್ಸಿನಲ್ಲಿ' ಎಂಬುದರಲ್ಲಿ 'ಬಸ್' ಅಷ್ಟನ್ನು ದಪ್ಪ ಮಾಡಿದರೆ ಒತ್ತು ಕಳಚಿ, 'ಸ್' ಬೇರೆ 'ಸಿ' ಬೇರೆ ನಿಲ್ಲುತ್ತವೆ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣ, ಇದಕ್ಕೆ ಕಾರಣ ಹುಡುಕಲು ನನಗೆ ಒಂದು ಸಂಜೆ ಬೇಕಾಯಿತು. ಮುಚ್ಚುವ ನಕ್ಷತ್ರದ ಹಿಂದೆ ಉದ್ಧರಣ ಚಿಹ್ನೆ ಅಥವಾ ಆವರಣ ಚಿಹ್ನೆ ಇದ್ದರೆ, ಅದರ ಮುಂದೆ ಜಾಗವೋ ಇನ್ನೊಂದು ಚಿಹ್ನೆಯೋ ಇರಲೇಬೇಕು, ಅಕ್ಷರ ಇದ್ದರೆ ಅದು ಮುಚ್ಚುವ ಗುರುತಲ್ಲ ಎನ್ನುತ್ತದೆ ಕಾಮನ್‌ಮಾರ್ಕ್. ಇಂಗ್ಲಿಷಿನಲ್ಲಿ ಹಾಗೆ ಬರುವುದೇ ಅಪರೂಪ. ಕನ್ನಡದಲ್ಲಿ ಪುಟಕ್ಕೆ ನಾಲ್ಕು ಸಲ ಬರುತ್ತದೆ, ಏಕೆಂದರೆ ಉದ್ಧರಣ ಚಿಹ್ನೆಯ ಬೆನ್ನಿಗೇ ನಾವು 'ಅನ್ನು', 'ಗೆ', 'ಯ' ಹಚ್ಚುತ್ತೇವೆ. ಕಾಮನ್‌ಮಾರ್ಕ್ ಪಾಲಿಸುವ ತಂತ್ರಾಂಶದಲ್ಲಿ ಆಗ ನಕ್ಷತ್ರಗಳು ಹಾಗೆಯೇ ಉಳಿದುಬಿಡುತ್ತವೆ. ಸರಿಪಡಿಸಲು ಎರಡು ದಾರಿ:

```
"**ಚರಗ**"ವನ್ನು ಚೆಲ್ಲಿದರು.
**"ಚರಗ"ವನ್ನು** ಚೆಲ್ಲಿದರು.
```

ಒಂದರಲ್ಲಿ ಚಿಹ್ನೆಯನ್ನು ನಕ್ಷತ್ರದ ಹೊರಗೆ ತಂದಿದ್ದೇವೆ, ಇನ್ನೊಂದರಲ್ಲಿ ಪ್ರತ್ಯಯವನ್ನು ಒಳಗೆ ಕರೆದುಕೊಂಡಿದ್ದೇವೆ. ನಾನು ಎಲ್ಲರಿಗೂ ಹೇಳುವುದು ಎರಡನೆಯದನ್ನೇ. ಪದವನ್ನು ಪ್ರತ್ಯಯ ಸಮೇತ ಪೂರ್ತಿ ದಪ್ಪ ಮಾಡಿ. ಅಕ್ಷರ ಸೀಳುವುದೂ ತಪ್ಪುತ್ತದೆ, ಚಿಹ್ನೆಯ ತಕರಾರೂ ತಪ್ಪುತ್ತದೆ, ಓದುವ ಕಣ್ಣಿಗೂ ಹಿತ.

## ಪಟ್ಟಿಗಳು, ಮತ್ತು ಮಾಸ್ತರರ ಇಸವಿಗಳು

ಕ್ರಮ ಬೇಡದ ಪಟ್ಟಿಗೆ ಸಾಲಿನ ಮುಂದೆ ಅಡ್ಡಗೆರೆ ಮತ್ತು ಸ್ಪೇಸ್:

```
- ಹಸಿ ತೊಗರಿಕಾಳು
- ಅವರೆಕಾಳು
- ಮೆಂತೆ ಪಲ್ಯೆ
- ಕಡಲೆ ಹಿಟ್ಟು
```

ಪಟ್ಟಿಯ ಮೊದಲ ಸಾಲಿನ ಮೇಲೆ ಖಾಲಿ ಸಾಲು ಬಿಡಿ. ಕೆಲವು ತಂತ್ರಾಂಶಗಳಿಗೆ ಅದಿಲ್ಲದೆ ಪಟ್ಟಿ ಶುರುವಾದದ್ದೇ ತಿಳಿಯುವುದಿಲ್ಲ. ಪಟ್ಟಿಯೊಳಗೆ ಪಟ್ಟಿ ಬೇಕಾದರೆ ನಾಲ್ಕು ಸ್ಪೇಸ್ ಒಳಗೆ ಸರಿಸಿ.

ಕ್ರಮಸಂಖ್ಯೆಯ ಪಟ್ಟಿಗೆ 1, 2, 3 ಹಾಕಿ ಚುಕ್ಕಿ, ಸ್ಪೇಸ್. ೧, ೨, ೩ ಹಾಕಿದರೆ ಅದನ್ನು ಪಟ್ಟಿ ಎಂದು ಗುರುತಿಸುವುದಿಲ್ಲ, ಸಾಲುಗಳೆಲ್ಲ ಒಂದೇ ಪ್ಯಾರಾ ಆಗುತ್ತವೆ. ಕನ್ನಡ ಅಂಕಿಗಳ ಮೇಲೆ ನನಗೂ ಪ್ರೀತಿ ಇದೆ. ಅವು ಬೇಕೇ ಬೇಕು ಎನ್ನುವವರು ಪ್ರತಿ ಸಾಲಿನ ತುದಿಗೆ ಬ್ಯಾಕ್‌ಸ್ಲ್ಯಾಶ್ ಹಾಕಿ ಪದ್ಯದಂತೆ ಬರೆಯಬಹುದು.

ಮಾಸ್ತರರು ಬರೆದದ್ದು ಹೀಗೆ:

```
1948. ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಸೇರಿತು.
1956. ಕನ್ನಡ ನಾಡು ಒಂದಾಯಿತು.
2014. ಗುಲ್ಬರ್ಗ ಕಲಬುರಗಿಯಾಯಿತು.
```

ಅಂಕಿ, ಚುಕ್ಕಿ, ಸ್ಪೇಸ್. ತಂತ್ರಾಂಶದ ಲೆಕ್ಕಕ್ಕೆ ಇದು 1948ರಿಂದ ಶುರುವಾಗುವ ಪಟ್ಟಿ. ಪಟ್ಟಿಯಲ್ಲಿ ಅದು ನೋಡುವುದು ಮೊದಲ ಅಂಕಿಯನ್ನು ಮಾತ್ರ, ಉಳಿದದ್ದನ್ನು ತಾನೇ ಒಂದೊಂದು ಕೂಡಿಸುತ್ತಾ ಹೋಗುತ್ತದೆ. 1948, 1949, 1950. ಅಂಕಿ ತಪ್ಪಿಹೋದ ಪಟ್ಟಿಯನ್ನು ಸರಿಮಾಡಲೆಂದು ಇಟ್ಟ ಈ ಅನುಕೂಲ ಇತಿಹಾಸವನ್ನೇ ಕೆಡಿಸಿತು. ಚುಕ್ಕಿಯ ಮುಂಚೆ ಬ್ಯಾಕ್‌ಸ್ಲ್ಯಾಶ್ ಇಟ್ಟರೆ, ಇದು ಬರೀ ಚುಕ್ಕಿ, ಪಟ್ಟಿಯಲ್ಲ ಎಂದು ಹೇಳಿದಂತೆ:

```
1948\. ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಸೇರಿತು.

1956\. ಕನ್ನಡ ನಾಡು ಒಂದಾಯಿತು.
```

ಇದಕ್ಕಿಂತ ಸುರಕ್ಷಿತ ದಾರಿ, ಇಸವಿಯನ್ನು ವಾಕ್ಯದೊಳಗೆ ತರುವುದು: '1956ರಲ್ಲಿ ಕನ್ನಡ ನಾಡು ಒಂದಾಯಿತು'. ಚುಕ್ಕಿಯೂ ಇಲ್ಲ, ಅಪಾಯವೂ ಇಲ್ಲ. ಮಾಸ್ತರರು ಇಡೀ ಅಧ್ಯಾಯವನ್ನು ಹಾಗೆಯೇ ತಿದ್ದಿದರು. ಊರ ಚರಿತ್ರೆ, ಸಂಘದ ವರದಿ, ವಂಶಾವಳಿ ಬರೆಯುವವರೆಲ್ಲ ಇದನ್ನು ನೆನಪಿಡಿ. ಇಲ್ಲಿ ತಪ್ಪಾದರೆ ಅಕ್ಷರಗಳೆಲ್ಲ ಸರಿಯಾಗಿಯೇ ಇರುತ್ತವೆ, ಆದ್ದರಿಂದ ಕರಡು ತಿದ್ದುವವರ ಕಣ್ಣಿಗೂ ಬೀಳುವುದಿಲ್ಲ.

## ಕೋಷ್ಟಕ, ಕೊಂಡಿ, ಚಿತ್ರ, ಅಡಿಟಿಪ್ಪಣಿ

ಕೋಷ್ಟಕ ಮೂಲ ಮಾರ್ಕ್‌ಡೌನಿನಲ್ಲಿ ಇರಲಿಲ್ಲ, ಆಮೇಲೆ ಸೇರಿತು. ವಿಎಸ್ ಕೋಡ್ ಮತ್ತು ಪ್ಯಾಂಡಾಕ್ (ಮಾರ್ಕ್‌ಡೌನನ್ನು ವರ್ಡ್ ಫೈಲು ಮಾಡಿಕೊಡುವ ತಂತ್ರಾಂಶ, ಮುಂದಿನ ಭಾಗದಲ್ಲಿ ಹೇಳುತ್ತೇನೆ) ಎರಡೂ ಅದನ್ನು ತಿಳಿಯುತ್ತವೆ.

```
| ತಿನಿಸು | ಮುಖ್ಯ ಸಾಮಾನು |
|---|---|
| ಸಜ್ಜಿ ರೊಟ್ಟಿ | ಸಜ್ಜಿ ಹಿಟ್ಟು, ಎಳ್ಳು |
| ಶೇಂಗಾ ಹೋಳಿಗೆ | ಶೇಂಗಾ, ಬೆಲ್ಲ |
```

ಇಂಗ್ಲಿಷಿನಲ್ಲಿ ಬರೆಯುವವರು ನೇರ ಗೆರೆಗಳನ್ನೆಲ್ಲ ಒಂದರ ಕೆಳಗೊಂದು ಸಾಲಾಗಿ ನಿಲ್ಲಿಸುತ್ತಾರೆ. ಕನ್ನಡ ಅಕ್ಷರಗಳ ಅಗಲ ಒಂದೊಂದರದು ಒಂದೊಂದು, ಎಷ್ಟು ಸ್ಪೇಸ್ ಕೊಟ್ಟರೂ ಗೆರೆ ಕೂಡುವುದಿಲ್ಲ. ಕೂಡುವ ಅಗತ್ಯವೂ ಇಲ್ಲ, ಅದಕ್ಕಾಗಿ ಸಮಯ ಕಳೆಯಬೇಡಿ.

ಕೊಂಡಿಗೆ ಚೌಕ ಆವರಣದಲ್ಲಿ ಕಾಣಬೇಕಾದ ಪದ, ಅದಕ್ಕೆ ತಾಗಿಕೊಂಡೇ ದುಂಡು ಆವರಣದಲ್ಲಿ ವಿಳಾಸ. ಮುಂದೆ ಆಶ್ಚರ್ಯಸೂಚಕ ಚಿಹ್ನೆ ಸೇರಿಸಿದರೆ ಅದೇ ಚಿತ್ರವಾಗುತ್ತದೆ. ಚಿತ್ರದ ಫೈಲಿನ ಹೆಸರಿನಲ್ಲಿ ಸ್ಪೇಸ್ ಇರದಂತೆ ನೋಡಿಕೊಳ್ಳಿ, ಚಿತ್ರಗಳನ್ನು ಬರಹದ ಫೋಲ್ಡರಿನಲ್ಲೇ ಇಡಿ. ಅಡಿಟಿಪ್ಪಣಿ ಹೀಗೆ:

```
ಮನೆಯ ಹಿರಿಯರು ಚರಗ[^ಚರಗ] ಚೆಲ್ಲುತ್ತಾರೆ.

[^ಚರಗ]: ಭೂಮಿತಾಯಿಗೆ ಎಡೆಯಾಗಿ ಹೊಲದ ತುಂಬ ಚೆಲ್ಲುವ ಅಡುಗೆ.
```

ಟಿಪ್ಪಣಿಯ ಸಂಖ್ಯೆ ತಾನೇ ಬರುತ್ತದೆ. ನಡುವೆ ಹೊಸದೊಂದು ಸೇರಿಸಿದರೂ ಉಳಿದವನ್ನು ತಿದ್ದಬೇಕಿಲ್ಲ. ಸಂಶೋಧನಾ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ ಇದೊಂದೇ ಸಾಕು ಮಾರ್ಕ್‌ಡೌನ್ ಕಲಿಯಲು ಎನ್ನುತ್ತೇನೆ. ವಿಎಸ್ ಕೋಡಿನ ಮುನ್ನೋಟದಲ್ಲಿ ಟಿಪ್ಪಣಿ ಸರಿಯಾಗಿ ಕಾಣದಿದ್ದರೆ ಗಾಬರಿಯಾಗಬೇಡಿ, ಪ್ಯಾಂಡಾಕ್ ಅದನ್ನು ಸರಿಯಾಗಿಯೇ ಹಾಕುತ್ತದೆ.

## ವರ್ಡ್ ಫೈಲು, ಪಿಡಿಎಫ್ ಮಾಡುವುದು

ಬರಹ ಕೊಡಬೇಕಾದ ಕಡೆ ಹೆಚ್ಚಾಗಿ ವರ್ಡ್ ಫೈಲನ್ನೇ ಕೇಳುತ್ತಾರೆ. ಅದಕ್ಕೆ ಪ್ಯಾಂಡಾಕ್ ಇದೆ. ಇದನ್ನು ಬರೆದವರು ಜಾನ್ ಮ್ಯಾಕ್‌ಫಾರ್ಲೇನ್, ಅಮೆರಿಕದ ಬರ್ಕ್ಲಿಯಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರು. 2006ರಿಂದ ಉಚಿತವಾಗಿ ಸಿಗುತ್ತಿದೆ. ಇದಕ್ಕೆ ಕಿಟಕಿ, ಬಟನ್ ಯಾವುದೂ ಇಲ್ಲ. ಬರಹದ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಬೇಕು: ಪ್ಯಾಂಡಾಕ್ ಎಂಬ ಹೆಸರು, ಸ್ಪೇಸ್, ನಿಮ್ಮ ಫೈಲಿನ ಪೂರ್ತಿ ಹೆಸರು, ಸ್ಪೇಸ್, ಅಡ್ಡಗೆರೆ ಮತ್ತು ಅದಕ್ಕಂಟಿಕೊಂಡು ಚಿಕ್ಕ ಓ, ಸ್ಪೇಸ್, ಹೊಸ ಫೈಲಿನ ಹೆಸರು. ಹೊಸ ಹೆಸರಿನ ಬಾಲ ನೋಡಿಯೇ ವರ್ಡ್ ಬೇಕೋ ಇನ್ನೇನು ಬೇಕೋ ಎಂದು ಅದು ತಿಳಿದುಕೊಳ್ಳುತ್ತದೆ. ಎಂಟರ್ ಒತ್ತಿದ ಮೇಲೆ ಏನೂ ಹೇಳದಿದ್ದರೆ ಕೆಲಸ ಆಯಿತೆಂದೇ ಅರ್ಥ.

ವರ್ಡ್‌ನಲ್ಲಿ ತೆರೆದು ಫಾಂಟ್ ಬದಲಿಸಲು ಹೋದರೆ ಕೆಲವೊಮ್ಮೆ ಕನ್ನಡ ಬದಲಾಗುವುದೇ ಇಲ್ಲ. ವರ್ಡ್ ಕನ್ನಡವನ್ನು 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಗುಂಪಿನಲ್ಲಿ ಇಟ್ಟಿದೆ, ಆ ಗುಂಪಿನ ಫಾಂಟ್ ಬೇರೆ. ಫಾಂಟ್ ಕಿಟಕಿಯಲ್ಲಿ ಆ ಹೆಸರಿನ ಕೆಳಗೆ ನೋಟೋ ಸಾನ್ಸ್ ಕನ್ನಡ ಅಥವಾ ತುಂಗಾ ಆರಿಸಿ, ಅಳತೆಯನ್ನೂ ಅಲ್ಲಿಯೇ ಕೊಡಿ. ಒಂದೊಂದು ಪ್ಯಾರಾಕ್ಕೆ ಹೀಗೆ ಮಾಡದೆ ಸ್ಟೈಲ್‌ನಲ್ಲಿ ಮಾಡಿದರೆ ಇಡೀ ಪುಸ್ತಕ ಒಂದೇ ಸಲಕ್ಕೆ ಬದಲಾಗುತ್ತದೆ.

ಪ್ಯಾಂಡಾಕ್‌ನಿಂದ ನೇರ ಪಿಡಿಎಫ್ ಮಾಡಲು ಸಾಮಾನ್ಯವಾಗಿ ಲೇಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶ ಬೇಕು, ಅದರಲ್ಲೂ ಯುನಿಕೋಡ್ ಫಾಂಟ್ ಬಳಸಬಲ್ಲ ಝೀಲೇಟೆಕ್ ಅಥವಾ ಲುವಾಲೇಟೆಕ್ ಆಗಬೇಕು. ಹೊಸಬರಿಗೆ ಆ ದಾರಿ ಹಿಡಿಸುವುದಿಲ್ಲ. ವರ್ಡ್ ಫೈಲು ಮಾಡಿ, ಅದನ್ನು ವರ್ಡ್‌ನಲ್ಲೋ ಲಿಬ್ರೆಆಫೀಸಿನಲ್ಲೋ ತೆರೆದು ಪಿಡಿಎಫ್ ಆಗಿ ಉಳಿಸಿ. ತಿದ್ದುಪಡಿ ಬಂದರೆ ವರ್ಡ್ ಫೈಲಿನಲ್ಲಿ ತಿದ್ದಬೇಡಿ. ಮೂಲ ಮಾರ್ಕ್‌ಡೌನ್ ಫೈಲಿನಲ್ಲಿ ತಿದ್ದಿ ಮತ್ತೆ ವರ್ಡ್ ಮಾಡಿ, ಇಲ್ಲವಾದರೆ ಎರಡು ದಿನದಲ್ಲಿ ಯಾವುದು ಹೊಸದು ಯಾವುದು ಹಳೆಯದು ತಿಳಿಯದಂತಾಗುತ್ತದೆ.

ಮುದ್ರಣಕ್ಕೆ ಕೊಡುವ ಮುಂಚೆ ವರ್ಡ್ ಫೈಲಿನಲ್ಲಿ ಕಂಟ್ರೋಲ್ ಹಿಡಿದು ಎಫ್ ಒತ್ತಿ ನಕ್ಷತ್ರವನ್ನು ಹುಡುಕಿ, ಆಮೇಲೆ ಹ್ಯಾಶನ್ನು ಹುಡುಕಿ. ನಕ್ಷತ್ರ ಉಳಿದಿದ್ದರೆ ನಕ್ಷತ್ರ ಮತ್ತು ಪದದ ನಡುವೆ ಸ್ಪೇಸ್ ಬಿದ್ದಿರಬಹುದು. ಹ್ಯಾಶ್ ಉಳಿದಿದ್ದರೆ ಅದರ ಮೇಲಿನ ಖಾಲಿ ಸಾಲು ತಪ್ಪಿದೆ, ಇಲ್ಲವೇ ಮುಂದಿನ ಸ್ಪೇಸ್ ತಪ್ಪಿದೆ. ಚುಕ್ಕಿಯ ಉಂಗುರ ಮಾತ್ರ ಹುಡುಕಿದರೆ ಸಿಗುವುದಿಲ್ಲ, ಅದನ್ನು ಪುಟ ತಿರುವಿ ಕಣ್ಣಿನಿಂದಲೇ ನೋಡಬೇಕು. ಇಸವಿಗಳನ್ನು ಮೂಲ ಹಸ್ತಪ್ರತಿ ಪಕ್ಕದಲ್ಲಿಟ್ಟುಕೊಂಡು, ಒಬ್ಬರು ಗಟ್ಟಿಯಾಗಿ ಓದುತ್ತಾ ಇನ್ನೊಬ್ಬರು ಬೆರಳಿಟ್ಟು ನೋಡುತ್ತಾ ತಾಳೆ ಮಾಡಿ. ಮಾಸ್ತರರ ಪುಸ್ತಕವನ್ನು ನಾವಿಬ್ಬರೂ ಹಾಗೆಯೇ ಕೂತು ನೋಡಿದೆವು. ಓದಿದವರು ಅವರು, ಬೆರಳಿಟ್ಟವನು ನಾನು.